ಗೊರವಂಕದ ಪಥ್ಯ

ಶಿಕಾರಿಪುರ

ಅತ್ತೆಯವರಿಗೆ ಶರಣ್ಯ ಮಾಡುವ ಶರಣು.

ಮಗಳ ಬಾಣಂತನಕ್ಕೆ ಉಳವಿಗೆ ಹೊರಟಾಗ ನಿಮ್ಮ ಗೊರವಂಕವನ್ನು ನನಗೆ ಒಪ್ಪಿಸಿದಿರಿ. ಕಾಳು ಒಡೆಯುವ ಕೊಕ್ಕಲ್ಲ, ಒಣಕಾಳು ಆಗದು, ಪಪ್ಪಾಯಿ, ಹುಳ ಕೊಡು ಎಂದಿರಿ. ತಾಯಿಯಿಲ್ಲದ ನನ್ನ ಬಾಣಂತನದಲ್ಲೂ ಅದು ಹಣ್ಣು ತಿನ್ನುತ್ತಿತ್ತು. ನನಗೆ ಮಾತ್ರ ಒಣ ಅನ್ನಕ್ಕೆ ಮೆಣಸಿನಪುಡಿ ಹಾಕಿ, ನೀರು ಕೊಡದೆ ಪಥ್ಯ ಮಾಡಿಸಿದಿರಿ. ಈಗ ನಾನು ಅದಕ್ಕೂ ಅದೇ ಪಥ್ಯ ಮಾಡಿಸಿದೆ.

ಆಗ ಪಂಜರ ನನ್ನ ಕೋಣೆಯ ಬಾಗಿಲಲ್ಲಿತ್ತಲ್ಲ, ಹಕ್ಕಿ ಎಲ್ಲ ಕಲಿತಿತ್ತು. ಈಗ ನನ್ನದೇ ದನಿಯಲ್ಲಿ, "ಅತ್ತೆ, ಒಂದ್ ಗುಟುಕು ನೀರ್ ಕೊಡ್ರೀ" ಎಂದು ಬೇಡುತ್ತಿತ್ತು. ನಾನೂ ನಿಮ್ಮಂತೆಯೇ, "ನೀರ್ ಕುಡಿದ್ರೆ ಹೊಟ್ಟೆ ಬರ್ತದೆ, ಸುಮ್ನೆ ಬಿದ್ಕ" ಎಂದು ಗದರುತ್ತಿದ್ದೆ.

ನಿನ್ನೆಯಿಂದ ಅದು ನೀರು ಕೇಳುತ್ತಿಲ್ಲ. ಪಂಜರ ತೊಳೆದು ಬಿಸಿಲಿಗಿಟ್ಟಿದ್ದೇನೆ. ನೀವು ನಿಧಾನವಾಗಿ ಬನ್ನಿ.

ಅಲ್ಲಿ ನಾದಿನಿ ನೀರು ಕೇಳಿದರೆ ಕೊಡಿ.

ನಿಮ್ಮ ಸೊಸೆ,
ಶರಣ್ಯ