ಮೂರನೆಯ ಸಾಲಿನ ಸಿಹಿನೀರು

ಮಾಲಗಾಂವ

ಡಾಕ್ಟರ್ ಪೂನಮ ಮೇಡಂ ಅವರಿಗೆ ರೂಪಾಲಿಯ ತಂದೆ ಬಾಳಪ್ಪನ ನಮಸ್ಕಾರಗಳು.

ಉಪ್ಪುನೀರು ಕುಡಿದೂ ಹಸಿರಾಗಿದ್ದ ಮೂರನೆಯ ಸಾಲಿನ ದ್ರಾಕ್ಷಿ ಸಸಿಗಳ ಬಗ್ಗೆ ನಿಮ್ಮ ಸಂಶೋಧನಾ ಲೇಖನ ಬರುತ್ತಿದೆ, ತೀರಿಹೋದ ನನ್ನ ಮಗಳ ಹೆಸರೇ ಅದರಲ್ಲಿ ಮೊದಲಿರುತ್ತದೆ ಎಂದು ಬರೆದಿದ್ದೀರಿ. ನಲವತ್ತು ವರ್ಷ ರಂಗದ ಮೇಲೆ ರಾಜನಾಗಿ ಗರ್ಜಿಸಿದವನು ಅದನ್ನು ಓದಿ ಈ ಕಾಗದ ಬರೆಯಲು ಕುಳಿತಿದ್ದೇನೆ.

ಮೇಡಂ, ಆ ಸಾಲಿನ ಫಲಿತಾಂಶ ಅಚ್ಚಾಗಬಾರದು.

ನಿಮ್ಮ ಪ್ರಯೋಗದ ತೋಟಕ್ಕೆ ಮಗಳಿಗೆ ಊಟದ ಡಬ್ಬಿ ತರುತ್ತಿದ್ದೆನಲ್ಲ, ಆಗ ಬಾಡಿದ ಎಲೆಗಳನ್ನು ನೋಡಲಾಗದೆ ಆ ಸಾಲಿಗೆ ದಿನವೂ ನನ್ನ ತಂಬಿಗೆಯ ಸಿಹಿನೀರು ಹಾಕಿದೆ. "ಅಪ್ಪಾ, ಉಪ್ಪು ತಾಗಿದ ಮ್ಯಾಲನ ಸಸಿ ಒಳಗಿನ ಜೀನ್ ಕೆಲಸಕ್ಕ ಬರ್ತಾವ್ರಿ. ಬೆಲ್ ಆದಮ್ಯಾಲ ನೀವು ಪಡದೆ ಮುಂದ ಬರ್ತಿದ್ರಲ್ಲ, ಹಂಗ" ಎಂದು ಅವಳು ಹೇಳಿಯೇ ಇದ್ದಳು. ಆದರೂ ನನ್ನ ಕೈ ಕೇಳಲಿಲ್ಲ. ಸಸಿಗಳು ಚಿಗುರಿದಾಗ ಅವಳು ಕುಣಿದಳು. ನಾನು ಚಪ್ಪಾಳೆ ತಟ್ಟಿದೆನೇ ಹೊರತು ಬಾಯಿ ಬಿಡಲಿಲ್ಲ.

ಅವಳ ಹೆಸರು ನನ್ನ ಸುಳ್ಳಿನ ಮೇಲೆ ನಿಲ್ಲುವುದು ಬೇಡ. ಹೊಸ ಸಸಿಗಳನ್ನು ನೆಟ್ಟು ಪ್ರಯೋಗವನ್ನು ಮತ್ತೆ ಮಾಡಿಸಿರಿ. ಉಪ್ಪುನೀರು ಹಾಕಲು ನಾನೇ ಬರುತ್ತೇನೆ. ತಂಬಿಗೆಯನ್ನು ಮನೆಯಲ್ಲೇ ಇಟ್ಟು ಬರುತ್ತೇನೆ.

ತಮ್ಮ ಉತ್ತರದ ದಾರಿ ನೋಡುವ,
ಬಾಳಪ್ಪ