ನಾಲ್ಕನೇ ಕಂಪ್ಯೂಟರಿನ ಪುಟ

ಬಾಗಲಗುಂಟೆ,
7 ಮಾರ್ಚ್ 2010, ಭಾನುವಾರ

ರೀ,

ನಮಸ್ಕಾರ. ‘ಪತಿದೇವರ ಪಾದಗಳಿಗೆ’ ಎಂದು ಶುರುಮಾಡಬೇಕಂತೆ. ಓದಿ ನೀವು ನಕ್ಕುಬಿಡುತ್ತೀರೆಂದು ಬಿಟ್ಟೆ. ನಾನು ಚೆನ್ನಾಗಿದ್ದೇನೆ ಎಂದೂ ಬರೆಯಬೇಕು. ಕೈಕಾಲು ಗಟ್ಟಿಯಾಗಿವೆ, ಗಾರ್ಮೆಂಟ್ಸಿಗೆ ತಪ್ಪದೆ ಹೋಗುತ್ತಿದ್ದೇನೆ.

ಯುಗಾದಿ ಮುಗಿಸಿ ಬರುತ್ತೀರಂತೆ, ಮನೆ ಖಾಲಿ ಮಾಡಿಸಿ ನನ್ನನ್ನೂ ಊರಿಗೆ ಕರೆದೊಯ್ಯುತ್ತೀರಂತೆ. ನಿಮ್ಮ ಜೊತೆ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಮಲಕಪ್ಪಣ್ಣ ಹೇಳಿದರು. ಈ ಊರಿನ ನೀರೂ ಬೇಡ ಎಂದಿರಂತೆ. ಮೂರು ತಿಂಗಳಿಂದ ಮುಖ ತೋರಿಸದ ಗಂಡ ಬರುತ್ತಾನೆಂದರೆ ಸಂತೋಷವಾಗಬೇಕು. ನನಗೆ ಹೆದರಿಕೆಯಾಯಿತು. ನೀವು ಬರುವ ಮೊದಲೇ ನಿಮಗೊಂದು ವಿಷಯ ಗೊತ್ತಾಗಬೇಕು. ಫೋನಿನಲ್ಲಿ ಹೇಳಲು ನಾಲ್ಕು ಸಲ ಬಾಯಿ ತೆರೆದೆ, ನಾಲ್ಕು ಸಲವೂ ಎಮ್ಮೆ ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ಎಮ್ಮೆಯ ಮೇಲೆ ಇವಳಿಗೆ ಯಾವಾಗಿನಿಂದ ಇಷ್ಟು ಪ್ರೀತಿ ಎಂದು ನಿಮಗೆ ಅನುಮಾನ ಬಂದಿರಬೇಕು.

ಅತ್ತೆ ಕಾಣೆಯಾದ ಶ್ರಾವಣದ ದಿನಗಳನ್ನು ನಾನು ನೆನಪಿಸಬೇಕಾಗಿಲ್ಲ. ಬಸ್ ಸ್ಟಾಪಿನಲ್ಲಿ ಕೂತು, ಬಂದ ಬಸ್ಸನ್ನೆಲ್ಲ ನಮ್ಮೂರು ಕುಷ್ಟಗಿಗೆ ಹೋಗುತ್ತದಾ ಎಂದು ಕೇಳುವುದು ಅವರ ಅಭ್ಯಾಸವಾಗಿತ್ತು. ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಒಂದು ದಿನ ಯಾವುದೋ ಬಸ್ಸು ಹತ್ತಿಯೇ ಬಿಟ್ಟರು. ನೀವು ಅವರ ಫೋಟೊ ಹಾಕಿಸಿದ ಪೋಸ್ಟರುಗಳನ್ನು ಹಿಡಿದು ಪ್ರತಿ ಭಾನುವಾರ ಹೊರಟಿರಿ. ಮೆಜೆಸ್ಟಿಕ್, ಯಶವಂತಪುರ, ಜಾಲಹಳ್ಳಿ. ಸೊರಗಿ ಅರ್ಧವಾಗಿದ್ದಿರಿ ನೀವು.

ನಾನು ಆಗ ದಾಸರಹಳ್ಳಿಯಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಯಲು ಸೇರಿ ಎರಡು ತಿಂಗಳಾಗಿತ್ತು. ಪಿಯುಸಿ ಓದಿ ಕಾಲರ್ ಹೊಲಿಯುತ್ತ ಕೂತವಳಿಗೆ ಅದೊಂದು ಆಸೆ. ಅಲ್ಲಿ ನನ್ನದು ನಾಲ್ಕನೇ ಕಂಪ್ಯೂಟರ್. ನೋಟ್‌ಪ್ಯಾಡಿನಲ್ಲಿ ಕೋಡ್ ಬರೆಯುವುದು, ಉಳಿಸುವುದು, ಆಮೇಲೆ ನೀಲಿ ‘ಇ’ ಅಕ್ಷರದ ಚಿತ್ರ ಒತ್ತಿ ತೆರೆದು ನೋಡುವುದು. ಆ ಚಿತ್ರದ ಕೆಳಗೆ ಇಂಟರ್‌ನೆಟ್ ಎಂದೇ ಬರೆದಿತ್ತು. ಅದರಲ್ಲಿ ತೆರೆದುಕೊಂಡಿತೆಂದರೆ ಲೋಕಕ್ಕೆಲ್ಲ ತೆರೆದುಕೊಂಡಿತು ಎಂದು ನಾನು ತಿಳಿದೆ.

ಅತ್ತೆಯ ಪುಟವನ್ನು ಹಾಗೆಯೇ ಮಾಡಿದೆ. ಸ್ಟುಡಿಯೋದವನಿಂದ ಸಿಡಿಯಲ್ಲಿ ಹಾಕಿಸಿಕೊಂಡ ಫೋಟೊ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅವರ ಹೆಸರು, ನಿಮ್ಮ ಹೆಸರು, ಫೋನ್ ನಂಬರು. ಬಾಯಿಂದ ಎಂದೂ ಹೇಳದ ನಿಮ್ಮ ಹೆಸರನ್ನು ಟೈಪ್ ಮಾಡುವಾಗ ನಾಚಿಕೆಯಾಗಿ ಪಕ್ಕದವಳು ನೋಡುತ್ತಿದ್ದಾಳಾ ಎಂದು ತಿರುಗಿ ನೋಡಿದ್ದೆ. ಕಲಿಸುವ ಪ್ರಭಾ ಮೇಡಂ ಭೇಷ್ ಎಂದರು. ಉಳಿದವರು ಅಭ್ಯಾಸಕ್ಕೆ ಬೇಕರಿ, ಶಾಲೆ ಎಂದು ಸುಳ್ಳುಸುಳ್ಳೇ ಪುಟ ಮಾಡುತ್ತಿದ್ದರು, ನನ್ನದೂ ಅಂಥದ್ದೇ ಎಂದು ಮೇಡಂ ತಿಳಿದರು. ನಿಜ ಹೇಳಲಿಲ್ಲ ನಾನು. ಸೊಸೆಯಾದವಳು ಅತ್ತೆಯನ್ನು ಕಳೆದುಕೊಂಡಳು ಎನ್ನುತ್ತಾರಲ್ಲ, ಅದಕ್ಕೆ.

ನಿಮ್ಮನ್ನು ಕ್ಲಾಸಿಗೆ ಕರೆದೊಯ್ದು ತೋರಿಸಿದ ದಿನ ನೆನಪಿದೆಯೇ? ಅಕ್ಷರಗಳು ಬಲದಿಂದ ಎಡಕ್ಕೆ ಓಡುವಂತೆ ಮಾಡಿದ್ದೆ. ಸ್ವಲ್ಪ ನಿಧಾನ ಮಾಡು, ನನ್ನಂಥವರೂ ಓದಬೇಕು ಎಂದಿರಿ. ಆಮೇಲೆ ಆ ಪರದೆಗೆ ಕೈಮುಗಿದಿರಿ. ನನ್ನ ಕಡೆ ತಿರುಗಿ ನೋಡಿದಿರಲ್ಲ, ಮದುವೆಯಾಗಿ ಆರು ವರ್ಷದಲ್ಲಿ ನೀವು ನನ್ನನ್ನು ಹಾಗೆ ನೋಡಿರಲಿಲ್ಲ. ನನಗೆ ಹೆಮ್ಮೆ ನೆತ್ತಿಗೇರಿತು. ಮುಂದಿನ ಭಾನುವಾರ ನೆಲಮಂಗಲದ ಕಡೆ ಪೋಸ್ಟರ್ ಅಂಟಿಸಲು ಹೋಗುತ್ತೇನೆಂದು ನೀವು ಹೊರಟಾಗ, ಇಡೀ ಲೋಕ ನೋಡುತ್ತಿರುವಾಗ ಗೋಡೆ ಗೋಡೆ ಯಾಕೆ ಅಲೆಯುತ್ತೀರಿ ಎಂದು ತಡೆದವಳು ನಾನು. ನಿಮಗೆ ಆಯಾಸವಾಗುತ್ತದೆಂದೂ ಹೌದು. ನನ್ನ ಪುಟದ ಮೇಲೆ ನಿಮಗೆ ನಂಬಿಕೆ ಸಾಲದಾಯಿತೇ ಎಂಬ ಸಿಟ್ಟೂ ಇತ್ತು. ಆಮೇಲೆ ನಾನೂ ಕ್ಲಾಸ್ ಬಿಟ್ಟೆ. ಬಂದ ಕೆಲಸ ಮುಗಿಯಿತಲ್ಲ.

ಡಿಸೆಂಬರಿನಲ್ಲಿ ಪೊಲೀಸರ ಫೋನ್ ಬಂತು. ನೆಲಮಂಗಲದ ಆಚೆಯ ಒಂದು ಆಶ್ರಮದಲ್ಲಿ ಅತ್ತೆ ತೀರಿಕೊಂಡಿದ್ದರು. ಸಾವನ್ನು ಆಶ್ರಮದವರು ಠಾಣೆಗೆ ತಿಳಿಸಿದಾಗ ನಾವು ಕೊಟ್ಟಿದ್ದ ದೂರಿಗೆ ತಾಳೆಯಾಯಿತಂತೆ. ಅಷ್ಟು ದಿನವೂ ಅಲ್ಲಿಯೇ ಇದ್ದರು. ಊರಿನಲ್ಲಿ ಮಣ್ಣು ಮಾಡಿ ಬಂದು ಕಟ್ಟೆಯ ಮೇಲೆ ಕೂತು ನೀವು ಒಂದೇ ಮಾತು ಹೇಳಿದಿರಿ:

“ಆ ಬೆಂಗಳೂರಾಗ ಮನಷ್ಯಾರ ಇಲ್ಲ, ನೀಲಾ. ಅಷ್ಟು ಮಂದಿ ಕಂಪ್ಯೂಟರಿನಾಗ ಅವ್ವನ ಮಾರಿ ನೋಡಿದ್ರೂ ಒಬ್ಬರಿಗೂ ಒಂದು ಫೋನ್ ಮಾಡಬೇಕು ಅನಿಸಲಿಲ್ಲ.”

ಆಗ ನನಗೂ ಹಾಗೇ ಅನಿಸಿತ್ತು.

ನೀವು ಊರಲ್ಲೇ ಉಳಿದಿರಿ. ಜನವರಿಯಲ್ಲಿ ನಾನು ಇಲ್ಲಿ ಒಬ್ಬಳೇ ಕೋಣೆಯಲ್ಲಿ ಕೂರಲಾರದೆ ಮತ್ತೆ ಕ್ಲಾಸಿಗೆ ಹೋದೆ. ಮೂರನೇ ತಿಂಗಳ ಪಾಠ ಅದು. ಮಾಡಿದ ಪುಟವನ್ನು ಇಂಟರ್‌ನೆಟ್ಟಿನಲ್ಲಿ ಜಾಗ ಪಡೆದು ಅಲ್ಲಿಗೆ ಕಳಿಸಬೇಕು, ಆಗಲೇ ಹೊರಗಿನವರಿಗೆ ಕಾಣುವುದು ಎಂದು ಮೇಡಂ ಹೇಳುತ್ತಿದ್ದರು. ಎದ್ದು ಹೋಗಿ ನಾಲ್ಕನೇ ಕಂಪ್ಯೂಟರಿನಲ್ಲಿ ಅತ್ತೆಯ ಪುಟ ತೆರೆದು ತೋರಿಸಿದೆ. ಇದು ಎಲ್ಲರಿಗೂ ಕಾಣುತ್ತಿದೆಯಲ್ಲವಾ ಎಂದು ಕೇಳಿದೆ.

“ಇಲ್ಲ ಕಣ್ರೀ, ಇದು ಈ ಕಂಪ್ಯೂಟರಲ್ಲಿ ಮಾತ್ರ ಇದೆ. ಆಚೆ ಹೋಗೇ ಇಲ್ಲ,” ಎಂದರು.

ನಾನು ಅತ್ತಾಗ ಅವರಿಗೆ ಅದು ಅಭ್ಯಾಸದ ಪುಟವಲ್ಲವೆಂದು ಗೊತ್ತಾಯಿತು. ಅವರೂ ನನ್ನ ಪಕ್ಕ ಕೂತು ಅತ್ತರು. ಬಾಗಿಲು ಹಾಕಿದ ಕೋಣೆಯೊಳಗೆ ಪೋಸ್ಟರ್ ಅಂಟಿಸಿ ಬಂದಿದ್ದೆ ನಾನು.

ಆದ್ದರಿಂದ ಈ ಊರನ್ನು ಬೈಯಬೇಡಿ. ನನ್ನ ಪುಟವನ್ನು ನೋಡಿಯೂ ಯಾರೂ ಸುಮ್ಮನಿರಲಿಲ್ಲ, ಯಾರೂ ನೋಡಿಯೇ ಇರಲಿಲ್ಲ. ನೆಲಮಂಗಲಕ್ಕೆ ಹೊರಟ ನಿಮ್ಮನ್ನು ತಡೆದದ್ದು ಬೆಂಗಳೂರಲ್ಲ. ತಿಳಿದ ಮೇಲೂ ಎರಡು ತಿಂಗಳು ಬಾಯಿಮುಚ್ಚಿ ಕೂತದ್ದು ಅದಕ್ಕಿಂತ ದೊಡ್ಡ ತಪ್ಪು. ನಿಮ್ಮ ಸಿಟ್ಟು ಊರಿನ ಮೇಲಿರಲಿ, ನನ್ನ ಮೇಲೆ ಬಾರದಿರಲಿ ಎಂದು ಆಸೆಪಟ್ಟೆ.

ಇದನ್ನು ಓದಿಯೂ ಬರುವುದಾದರೆ ಬನ್ನಿ, ಎದುರು ನಿಂತು ಬೈಯಿರಿ. ಹೊಡೆದರೂ ತಡೆಯುವುದಿಲ್ಲ, ಆದರೆ ನೀವು ಹೊಡೆಯುವವರಲ್ಲ, ಅದೇ ನನಗೆ ಕಷ್ಟ. ಬಾರದಿದ್ದರೆ ಮಲಕಪ್ಪಣ್ಣನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿ. ಯುಗಾದಿಯ ನಂತರದ ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ.

ಇನ್ನೂ ನಿಮ್ಮವಳೇ ಎಂದುಕೊಂಡಿರುವ
ನೀಲಾಂಬಿಕಾ

ತಾ.ಕ.: ಇದನ್ನು ಬರೆಯಬಾರದೆಂದು ಲಕೋಟೆ ಅಂಟಿಸಿದ್ದೆ. ಮುಚ್ಚಿಟ್ಟದ್ದು ಸಾಕೆನಿಸಿ ಮತ್ತೆ ಬಿಚ್ಚಿದೆ. ಹೋದ ವಾರ ಆ ಆಶ್ರಮಕ್ಕೆ ಹೋಗಿದ್ದೆ. ಅತ್ತೆಯನ್ನು ನೋಡಿಕೊಂಡವರು ರುದ್ರಮ್ಮ ಎಂಬ ಹೆಂಗಸು, ಒಳ್ಳೆಯವರು. ಅತ್ತೆಗೆ ಊರಿನ ಹೆಸರು ಮರೆತುಹೋಗಿತ್ತಂತೆ. ತಮ್ಮ ಹೆಸರು, ನಿಮ್ಮ ಹೆಸರು ಮಾತ್ರ ಕೊನೆತನಕ ಹೇಳುತ್ತಿದ್ದರಂತೆ. ಅಲ್ಲಿನ ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇದೆ. ತಮ್ಮಲ್ಲಿಗೆ ಬಂದವರ ಹೆಸರು ಹಾಕಿ ಪ್ರತಿ ಸೋಮವಾರ ಇಂಟರ್‌ನೆಟ್ಟಿನಲ್ಲಿ ಹುಡುಕುವುದು ಅವರ ಪದ್ಧತಿಯಂತೆ. ಹನುಮವ್ವ, ಮಗ ಹಣಮಂತ ಎಂದು ಹದಿನಾಲ್ಕು ಸೋಮವಾರ ಹುಡುಕಿದರಂತೆ.