ಎತ್ತಿನ ಬೆನ್ನಿಗೆ ಹಚ್ಚೋ ಪ್ರೈಮರ್

ಬೆಟಗೇರಿ
೧೯ ಫೆಬ್ರುವರಿ ೨೦೦೧

ಪ್ರೀತಿಯ ಮಗಳು ಅಸ್ಮಾಗ ನಿನ್ನ ಅಮ್ಮಿ ಮಾಡುವ ಸಲಾಂ.

ನಿನ್ನ ಎರಡು ಪತ್ರ ಬಂದು ಹದಿನೈದು ದಿನ ಆತು, ಉತ್ತರ ಬರದಿಲ್ಲ ಅಂತ ಸಿಟ್ಟಾಗಬ್ಯಾಡ. ಮೂರು ಸಲ ಬರ್ಯಾಕ ಕುಂತೆ. ಮೂರು ಸಲಾನೂ "ನಾವೆಲ್ಲಾ ಆರಾಮ" ಅನ್ನೋ ಕಡೆ ಬಂದು ಪೆನ್ನು ನಿಂತುಬಿಡ್ತು. ನೀ ನನ್ನ ಕಡೆ ಬಿಟ್ಟು ಹೋದ ನಿನ್ನ ಕೂಸು ಗುಲ್ನಾಜಗ ಆರಾಮ ಇಲ್ಲ. ಮೊದಲೇ ಹೇಳಿಬಿಟ್ಟೆ, ಈಗ ಕುಂತು ಓದು.

ಹೆದರಬ್ಯಾಡ ಅಂತ ಬರೀಬೇಕು ಖರೆ, ಆದ್ರ ನನಗೇ ಧೈರ್ಯ ಇಲ್ಲ, ನಿನಗ ಏನಂತ ಹೇಳಲಿ. ಒಂದು ತಿಂಗಳಾತು, ಹೊಟ್ಟಿ ಹಿಡ್ಕೊಂಡು ಅಳತಾಳ. ಮೂರು ದಿನಕ್ಕೊಮ್ಮೆ ಹೊರಕಡೆ ಆದ್ರ ಆತು, ಇಲ್ಲಂದ್ರ ಅದೂ ಇಲ್ಲ. ರೊಟ್ಟಿ ಮುರದು ಹಾಲಾಗ ಕಲಿಸಿ ಕೊಟ್ರ ಮುಖ ತಿರವತಾಳ. ಮೊದಲು ಅಂಗಳಾ ತುಂಬ ಓಡ್ಯಾಡಾಕಿ ಈಗ ಗ್ವಾಡಿಗೆ ಒರಗಿ ಕುಂಡ್ರತಾಳ. ಜಂತು ಇರಬೇಕು ಅಂತ ನಾ ಓಮಿನ ನೀರು ಕುಡಿಸಿದೆ. ಬಾಜೂಮನಿ ದಿಲಶಾದಬಿ ದೃಷ್ಟಿ ತಗದ್ಲು. ಯಾವುದೂ ಹತ್ತಲಿಲ್ಲ.

ಮೊನ್ನೆ ಗದಗಿನ ಜಾನಕೀಬಾಯಿ ಬಂದಿದ್ರು. ಚೈತ್ರ ಗೌರಿ ಮುಂದ ಸಾಲಾಗಿ ಇಡಾಕ ವರ್ಷಾ ನಮ್ಮ ಸೀಸದ ಗೊಂಬಿ ಒಯ್ತಾರಲ್ಲ, ಅವರು. ಈ ಸಲ ನಲವತ್ತು ಹೇಳ್ಯಾರ, ಎಲ್ಲಾ ಬಟ್ಟಿನಷ್ಟು ಎತ್ತರದವು, ಬ್ಯಾಂಡಿನವರು, ಕೊಡ ಹೊತ್ತ ಹೆಂಗಸ್ರು, ಚಕ್ಕಡಿ, ಎತ್ತು. ಪ್ರೆಸ್ಸಿನಾಗ ಆಫ್‌ಸೆಟ್ ಬಂದಮ್ಯಾಲೆ ಹಳೇ ಅಚ್ಚಿನ ಸೀಸದ ಮೊಳಿ ಕೇಳೋರಿಲ್ಲ, ಚೀಲಗಟ್ಟಲೆ ನಮ್ಮ ಪಡಸಾಲ್ಯಾಗ ಬಿದ್ದಾವು. ನಿಮ್ಮ ಅಬ್ಬಾ ಅವನ್ನ ಕರಗಿಸಿ ಎರಕ ಹೊಯ್ಯೋದು, ನಾ ಬಣ್ಣ ಹಚ್ಚೋದು. ನಾ ಈ ಮನಿಗೆ ಬಂದಾಗಿಂದ ನಡದಿದ್ದು ಇದೇ.

ಬಾಯಾರ ಜೋಡಿ ಸೊಸಿ ಶ್ರೀಲಕ್ಷ್ಮೀನೂ ಬಂದಿದ್ರು, ಡಾಕ್ಟರ್ ಅದಾರ. ನಾ ಕುಂಚದ ತುದಿ ಮೊನಚ ಆಗಲಿ ಅಂತ ತುಟಿಯೊಳಗ ಇಟ್ಟು ಎಳದೆ, ಯಾವಾಗಲೂ ಮಾಡೂ ಹಂಗ. ಆಕಿ ನೋಡಿದ್ರು. "ಅಮೀನಬಿ, ಏನ್ರಿ ಆ ಕೆಂಪು ಬಣ್ಣ?" ಅಂದ್ರು.

"ಪ್ರೈಮರ್ ರೀ. ಸೀಸಕ್ಕ ಬಣ್ಣ ಸೀದಾ ಹಿಡಿಯೂದಿಲ್ಲ, ಉಗರು ತಾಗಿದ್ರ ಸಿಪ್ಪಿ ಏಳತೈತಿ. ಅದಕ್ಕ ಮೊದಲು ಸಿಂಧೂರ ಅಗಸಿ ಎಣ್ಣ್ಯಾಗ ಅರದು ಕುಂಚದಲೆ ಹಚ್ಚತೀನಿ" ಅಂದೆ. ಹಣಮಪ್ಪಗ ಬಳಿಯೋ ಸಿಂಧೂರ ಅದು. ದೇವರ ಮೈಗೆ ಹಚ್ಚೋದ್ರಾಗ ಕೆಟ್ಟದ್ದೇನಿದ್ದೀತು ಅಂತ ನಾನೂ ಅಬ್ಬಾನೂ ಒಂದು ದಿನಾನೂ ವಿಚಾರ ಮಾಡಿದವರಲ್ಲ.

"ಸಿಂಧೂರನೂ ಸೀಸಾನೇ ಅದ ರೀ. ಹುರದ ಸೀಸ," ಅಂದ್ರು ಆಕಿ. ಅಷ್ಟ್ರಾಗ ಅವರ ಕಣ್ಣು ಮೂಲಿಗೆ ಹೋತು. ಅಲ್ಲಿ ಗುಲ್ನಾಜ ಕುಂತಿದ್ಲು, ಬಾಯಾಗ ಒಂದು ಹಳೇ ಎತ್ತು, ಬಣ್ಣ ಹೋಗಿ ಬರೇ ಸೀಸ ಉಳದದ್ದು. ಡಾಕ್ಟರ್ ಬಾಯಾರು ಎದ್ದು ಹೋದ್ರು. ಮೆಲ್ಲಕ ಅದನ್ನ ಕೂಸಿನ ಬಾಯಿಂದ ಬಿಡಿಸಿ, ಕಾಗದದಾಗ ಸುತ್ತಿ, ಗ್ವಾಡಿ ಮಾಡದಾಗ ಇಟ್ರು. ಹೊಟ್ಟಿನೋವು ಯಾವಾಗಿಂದ, ಊಟಾ ಹ್ಯಾಂಗ, ಎಲ್ಲಾ ಕೇಳಿದ್ರು. ಮರುದಿನ ರಕ್ತಾ ತಗದು ಮುಂಬೈಗೆ ಕಳಿಸ್ಯಾರ. ರಿಪೋರ್ಟ್ ಬರಾಕ ಹದಿನೈದಿಪ್ಪತ್ತು ದಿನ ಬೇಕಂತ.

ಅವತ್ತಿಂದ ನನ್ನ ತಲ್ಯಾಗ ಒಂದೇ ಕುಂತೈತಿ. ಯಾವ ಪ್ರೈಮರ್ ಹಚ್ಚಿದ್ರ ಒಳಗಿನ ಸೀಸ ಒಳಗೇ ಉಳೀತೈತಿ? ಮೌಲಾಸಾಬನ ಬಣ್ಣದ ಅಂಗಡಿಗೆ ಹೋಗಿದ್ದೆ. ಕಿಡಕಿ ಗಜಕ್ಕ ಹಚ್ಚೋ ರೆಡ್ ಆಕ್ಸೈಡ್ ತೋರಿಸಿದ, ಅದು ಹಿಟ್ಟಿನ್ಹಂಗ ದಪ್ಪ. ಗ್ವಾಡಿಗೆ ಹಚ್ಚೋ ಬಿಳೇ ಪ್ರೈಮರ್ ತೋರಿಸಿದ. ಆಮ್ಯಾಲೆ ಮೋಟರ್ ಗ್ಯಾರೇಜಿನವರು ಒಯ್ಯೋ ಬೂದಿಬಣ್ಣದ್ದು, ಎರಡು ಡಬ್ಬಿ ಕೂಡಿಸಿ ಕಲಿಸಬೇಕಂತ. ಸ್ಪ್ರೇ ಡಬ್ಬಿನೂ ಹುಬ್ಬಳ್ಳಿಯಿಂದ ತರಿಸಿಕೊಡ್ತೀನಿ ಅಂದ, ಕೂಸು ಇರೋ ಮನ್ಯಾಗ ಹೊಗಿ ಎಬ್ಬಿಸೂದು ಬ್ಯಾಡ ಅಂದೆ. ನನಗ ಕುಂಚದಲೆ ಹಚ್ಚೋದೇ ಬೇಕು, ತೆಳ್ಳಗ ಇರಬೇಕು, ಸಣ್ಣ ಗುರ್ತೂ ಮುಚ್ಚಬಾರದು. "ನಿಮಗ ಬಣ್ಣ ಬೇಕೋ ತಾವೀಜ ಬೇಕೋ?" ಅಂತ ನಕ್ಕ. ಮೂರೂ ಸ್ವಲ್ಪ ಸ್ವಲ್ಪ ತಂದೀನಿ. ನೀ ಮಾಸ್ತರಿಕಿ ಕಲ್ಯಾಕಿ, ವಿಜ್ಞಾನ ಓದಾಕಿ, ನಿಮ್ಮ ಲಕ್ಷ್ಮೇಶ್ವರದ ಸರಗೋಳಿಗೆ ಕೇಳಿ ನೋಡು.

ಅಬ್ಬಾ ಏನಂತಾರ ಗೊತ್ತೇನು? "ಇಷ್ಟು ವರ್ಷ ಸೀಸದಾಗ ಕೈ ಇಟ್ಟೀನಿ, ನನಗ ಏನಾಗೈತಿ?" ಹಂಗನ್ನೋ ಮುಂದ ಬಸಿಯೊಳಗಿನ ಚಾ ತುಳಕತಿತ್ತು. ಇದನ್ನ ನಾ ಮೊದಲು ಯಾಕ ನೋಡಲಿಲ್ಲೋ.

ಐತವಾರ ಬಾ. ಪರೀಕ್ಷಾ ಇದ್ರೂ ಬಾ. ನಿನ್ನ ಯಜಮಾನ ಮೊಹಸಿನಗೂ ಖಬರ ಮುಟ್ಟಿಸು.

ನಿನ್ನ ದಾರಿ ಕಾಯುವ
ಅಮ್ಮಿ

*

ಬೆಟಗೇರಿ
೧೨ ಮಾರ್ಚ್ ೨೦೦೧

ನನ್ನ ಬೇಟಿ ಅಸ್ಮಾಗ ಅಮ್ಮಿಯ ಸಲಾಂ.

ಬಕ್ರೀದಕ್ಕ ನೀವು ಯಾರೂ ಬರಲಿಲ್ಲ. ಬರ್ರಿ ಅಂತ ಕರ್ಯಾಕ ನನಗೂ ಬಾಯಿ ಬರಲಿಲ್ಲ. ಆ ಐತವಾರ ನೀ ಬಂದು ಗುಲ್ನಾಜನ್ನ ಈ ಮನಿಯಿಂದ ಎತ್ತಿಕೊಂಡು ಕೊರ್ಲಹಳ್ಳಿಗೆ, ನಿಮ್ಮ ಅತ್ತಿ ಕಡೆ ಬಿಟ್ಟದ್ದು ಛಲೋ ಮಾಡಿದಿ. ಆಕಿ ನಿನ್ನ ಹೆಗಲ ಮ್ಯಾಲಿಂದ "ನಾನಿ" ಅಂತ ಕೈ ಚಾಚಿದ್ಲು, ನಾ ಮುಟ್ಟಲಿಲ್ಲ. ನನ್ನ ಕೈಯಾಗ ಏನೇನು ಹತ್ತಿರ್ತೈತೋ ಅಂತ ಅಂಜಿ ಹಿಂದ ಸರದೆ.

ನಿನ್ನೆ ರಿಪೋರ್ಟ್ ಬಂತು. ಕೂಸಿನ ರಕ್ತದಾಗ ಸೀಸ ಹತ್ತರೊಳಗ ಇರಬೇಕಾದ್ದು ಮೂವತ್ತೆಂಟು ಐತಿ. ಶ್ರೀಲಕ್ಷ್ಮೀಬಾಯಾರು ನನಗ ನೀರು ಕೊಟ್ಟು ಕೂಡ್ರಿಸಿ ಹೇಳಿದ್ರು, "ಜಲ್ದಿ ಗೊತ್ತಾತು ಅಂತ ಸಮಾಧಾನ ಮಾಡ್ಕೋರಿ. ಸೀಸ ಹೊಟ್ಟಿಗೆ ಹೋಗೂದು ನಿಂತ್ರ ತಾನಾಗೇ ಇಳೀತದ. ಹಾಲು, ಸೊಪ್ಪು, ಕಬ್ಬಿಣದ ಔಷಧ ಕೊಡ್ರಿ. ತಿಂಗಳಿಗೆ ಮತ್ತ ರಕ್ತಾ ನೋಡೂಣು." ಚೀಟಿ ಈ ಪತ್ರದಾಗ ಇಟ್ಟೀನಿ, ಕಳಕೋಬ್ಯಾಡ. ಇಳೀತದ ಅಂದ್ರು, ಅಷ್ಟೇ ಹಿಡಕೊಂಡು ಕುಂತೀನಿ. ಆದ್ರ ಸಂಜಿಮುಂದ ಯಾವುದರೆ ಕೂಸು ಅತ್ರ ಎದ್ದು ಬಾಗಲಿಗೆ ಓಡತೀನಿ.

ಪ್ರೈಮರಿನ ಕಥಿ ಹೇಳತೀನಿ. ಮೂರು ಎತ್ತು ತೊಳದು, ಒಣಗಿಸಿ, ಒಂದೊಂದಕ್ಕ ಒಂದೊಂದು ಹಚ್ಚಿದೆ, ಕುಂಚ ಬಾಯಿಗೆ ಒಯ್ಯಲಿಲ್ಲ, ಅರಿವ್ಯಾಗ ಒರಸಿ ಮೊನಚ ಮಾಡಿದೆ. ಕೆಂಪಂದು ಎತ್ತಿನ ಕಣ್ಣು ಮೂಗು ಎಲ್ಲಾ ನುಂಗಿ ಕುಂತಿತು. ಬಿಳೇದು ಒಣಗಿದಮ್ಯಾಲೆ ಉಗರಿಗೆ ಹಪ್ಪಳದ್ಹಂಗ ಎದ್ದು ಬಂತು. ಬೂದಿಬಣ್ಣದ್ದು ಮಾತ್ರ ಹೇಳಿ ಮಾಡಿಸಿದಂಗ ಕುಂತಿತು, ತೆಳ್ಳಗ, ಬಿಗಿಯಾಗಿ, ಕೊರಳಾಗಿನ ಗಂಟಿ ಸುದ್ದಾ ಕಾಣತಿತ್ತು. ಒಂದು ದಿನ ಹುಣಸಿ ನೀರಾಗ ಇಟ್ಟು ಬಿಳೇ ಅರಿವಿಲೆ ತಿಕ್ಕಿದೆ. ಏನೂ ಬಿಡಲಿಲ್ಲ. ನನಗ ಅಳು ಬಂತು, ಸಿಕ್ತು ಅಂದ್ಕೊಂಡೆ.

ಆಮ್ಯಾಲೆ ಅಡಕೊತ್ತಿನ ನಡುವ ಇಟ್ಟು ಸ್ವಲ್ಪ ಒತ್ತಿದೆ, ಕೂಸು ಕಚ್ಚಿದಷ್ಟೇ. ಪ್ರೈಮರ್ ಒಡದು ಒಳಗಿನ ಸೀಸ ಮಿಂಚಿತು. ಹಲ್ಲಿಗೆ ತಡಿಯೋ ಪ್ರೈಮರ್ ಮೌಲಾಸಾಬನ ಅಂಗಡ್ಯಾಗ ಇಲ್ಲ. ಎಲ್ಲೂ ಇರಲಿಕ್ಕಿಲ್ಲ.

ಅವತ್ತೇ ಜಾನಕೀಬಾಯಿ ಮನಿಗೆ ಹೋಗಿ, ಗೊಂಬಿ ಕೊಡೂದಿಲ್ರಿ, ಹಿಂದಿನ ವರ್ಷದವನ್ನೂ ಮೊಮ್ಮಕ್ಕಳ ಕೈಗೆ ಕೊಡಬ್ಯಾಡ್ರಿ ಅಂತ ಹೇಳಿದೆ. ಬೈತಾರ ಅಂತ ತಿಳದಿದ್ದೆ. ಸೊಸಿ ಮೊದಲೇ ಹೇಳಿರಬೇಕು, ಅವರು ಎಲ್ಲಾ ಗೊಂಬಿ ಒಂದು ಡಬ್ಬ್ಯಾಗ ಹಾಕಿ ಕೀಲಿ ಹಾಕಿದ್ರು. "ಈ ಸಲ ಗೌರಿ ಮುಂದ ಹೂವು ಹಣ್ಣು ಇಡತೀನಿ, ಅಮೀನಬಿ. ನೀವು ಅರಿಷಿಣ ಕುಂಕುಮದ ದಿನ ಪಾನಕಕ್ಕ ಬರೂದು ಮಾತ್ರ ತಪ್ಪಸಬ್ಯಾಡ್ರಿ," ಅಂದ್ರು. ಅಬ್ಬಾ ಮೊಳಿ ಚೀಲ ಎಲ್ಲಾ ಹೊರಗ ಹಾಕಿಸಿದ್ರು, ಪಡಸಾಲಿ ಮೂರು ಸಲ ತೊಳದೀನಿ. ಅವರ ರಕ್ತಾನೂ ನನ್ನ ರಕ್ತಾನೂ ತಗದು ಕಳಿಸ್ಯಾರ. ನಮ್ಮದು ಏನರೆ ಇರಲಿ, ನಾ ಅದಕ್ಕ ಅಂಜೂದಿಲ್ಲ.

ಪರೀಕ್ಷಾ ಛಲೋತ್ನಂಗ ಬರಿ. ಅಲ್ಲಾಹ ನಿನ್ನ ಮಗಳಿಗೆ ಪೂರಾ ಆಯುಷ್ಯ ಕೊಡಲಿ, ನನ್ನದರಾಗಿಂದ ತಗದು ಕೊಟ್ರೂ ಆತು.

ನಿನ್ನ
ಅಮ್ಮಿ

ತಾ.ಕ. ಪತ್ರ ಮಡಚಿ ಮತ್ತ ಬಿಚ್ಚೀನಿ. ನೀ ಬಂದ ದಿನ ಆ ಹಳೇ ಎತ್ತು ಹಿಡಕೊಂಡು "ಇದನ್ನ ಕೂಸಿಗೆ ಯಾರು ಕೊಟ್ರು?" ಅಂತ ಕೇಳಿದಿ. ಅಬ್ಬಾ ತಲಿ ತಗ್ಗಿಸಿ "ನಾನೇ" ಅಂದ್ರು. ನೀ ಅವರಿಗೆ ಅನಬಾರದ್ದು ಅಂದಿ, ನಾ ಬಾಗಲದಾಗ ನಿಂತು ಕೇಳಿಕೋತ ಸುಮ್ಮನಿದ್ದೆ. ಅವರು ಸುಳ್ಳು ಹೇಳಿದ್ರು. ಕೊಟ್ಟಾಕಿ ನಾನು.

ನಿನ್ನ ಅಣ್ಣ ಶಾಹಬಾಜ ನೀ ಹುಟ್ಟೂಕಿಂತ ಮೊದಲು ಫಿಟ್ಸ್ ಬಂದು ತೀರಿಕೊಂಡ ಅಂತ ಅಷ್ಟೇ ನಿನಗ ಗೊತ್ತು. ಮೂರು ವರ್ಷದಾಂವ ಇದ್ದ. ಅವನೂ ಹೊಟ್ಟಿ ಹಿಡ್ಕೊಂಡು ಅಳತಿದ್ದ, ಅವನೂ ಗ್ವಾಡಿಗೆ ಒರಗಿ ಕುಂಡ್ರತಿದ್ದ. ನಾ ಬಣ್ಣ ಹಚ್ಚೋ ಮುಂದ ಕಾಡಬಾರದು ಅಂತ ಆ ಎತ್ತು ಅವನ ಕೈಯಾಗ ಕೊಟ್ಟು ಕೂಡ್ರಸತಿದ್ದೆ. ಅವ ಹೋದಮ್ಯಾಲೆ ಅದನ್ನ ಟ್ರಂಕಿನಾಗ, ಅವನ ಅಂಗಿಯೊಳಗ ಸುತ್ತಿ ಇಪ್ಪತ್ತೈದು ವರ್ಷ ಇಟ್ಟಿದ್ದೆ. ಬೆನ್ನಮ್ಯಾಲೆ ಅವನ ಹಾಲುಹಲ್ಲಿನ ಗುರ್ತು ಇತ್ತು. ಮುಚ್ಚಿ ಹೋದೀತು ಅಂತ ಅದಕ್ಕ ಮತ್ತ ಪ್ರೈಮರ್ ಹಚ್ಚಲಿಲ್ಲ, ಬಣ್ಣ ಹಚ್ಚಲಿಲ್ಲ. ನೀ ಗುಲ್ನಾಜನ್ನ ಇಲ್ಲಿ ಬಿಟ್ಟು ಹೋದ ದಿನ ಆಕಿ ಅಳೂದು ನಿಲ್ಲಸಲಿಲ್ಲ. ನಾ ಟ್ರಂಕು ತಗದು, "ನೋಡು, ನಿನ್ನ ಮಾಮೂನ ಎತ್ತು" ಅಂತ ನನ್ನ ಕೈಲೆ ಕೊಟ್ಟೆ.

ಈಗ ಅದರ ಬೆನ್ನಮ್ಯಾಲೆ ಇಬ್ಬರ ಹಲ್ಲಿನ ಗುರ್ತೂ ಅದಾವು. ದಿನಾ ಬೆಳಕಿಗೆ ಹಿಡದು ನೋಡತೀನಿ. ಯಾವುದು ಅವಂದು, ಯಾವುದು ಆಕಿದು ಅಂತ ನನಗ ತಿಳೀವಲ್ದು.